ನಮ್ಮ ಮನೆಯ ಕಲ್ಮಿಕಿಯಾ

ನಮ್ಮ ಸೋದರಮಾವ ರಷ್ಯಾ ನೋಡಿದವರಲ್ಲ. ರಷ್ಯಾವೇನಾದರೂ ಇವರನ್ನು ನೋಡಿದ್ದರೆ ಎಂದೋ ಗಡೀಪಾರು ಮಾಡಿರುತ್ತಿತ್ತು! ಬೀದರಿನಲ್ಲಿ ಕಾಲೇಜು ಓದುವಾಗ ಅಗ್ಗಕ್ಕೆ ಸಿಕ್ಕ ರಷ್ಯಾದ ಪುಸ್ತಕಗಳನ್ನು ಓದಿ, ಅಷ್ಟು ದೊಡ್ಡ ಸೋವಿಯತ್ ದೇಶದಲ್ಲಿ ಇವರು ಮನಸೋತದ್ದು ಕಲ್ಮಿಕಿಯಾ ಎಂಬ ಮೂಲೆಯ ಸ್ವಾಯತ್ತ ಗಣರಾಜ್ಯಕ್ಕೆ. ಬ್ಯಾಂಕಿನಿಂದ ನಿವೃತ್ತರಾಗಿ ನಾಶಿಕದ ನಮ್ಮ ಮನೆಗೆ ಬಂದಾಗ ಅದನ್ನೂ ಜೊತೆಗೇ ತಂದರು.

ಚಾಂದವಡದಿಂದ ಉಳ್ಳಾಗಡ್ಡಿ ತರುವವನನ್ನೂ ಬಿಡಲಿಲ್ಲ. ಕಲ್ಮಿಕಿಯಾದವರಿಗೆ ತಮ್ಮದೇ ಸಂವಿಧಾನ, ತಮ್ಮದೇ ಸುಪ್ರೀಂ ಸೋವಿಯತ್, ತಮ್ಮದೇ ಮಂತ್ರಿಗಳು, ಆದರೆ ಯಾವುದಕ್ಕೂ ಹೂಂ ಅನ್ನಲು ಮಾಸ್ಕೋ ಬೇಕು ಎಂದು ಮರಾಠಿಯಲ್ಲಿ ವಿವರಿಸಿದರು. "ಅಂದರೆ ನಮ್ಮ ಗ್ರಾಮಪಂಚಾಯ್ತಿ ಅನ್ನಿ!" ಎಂದು ಅವನು ತಕ್ಕಡಿ ಎತ್ತಿದ.

ಮನೆಗೆ ಬಂದ ಕನ್ನಡದವರಿಗೆಲ್ಲ ನನ್ನನ್ನು ತೋರಿಸಿ, "ಈ ಮನ್ಯಾಗ ನಾ ಕಲ್ಮಿಕಿಯಾ, ಇಕಿ ಮಾಸ್ಕೋ!" ಎನ್ನುವುದು ಬೇರೆ. ನಾನು ನಾಚಿಕೆಯಿಂದ ಚಹಾದ ನೆಪ ಮಾಡಿ ಒಳಗೆ ಓಡುತ್ತಿದ್ದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾಸ್ಕೋ ಆ ಗಣರಾಜ್ಯವನ್ನೇ ಅಳಿಸಿಹಾಕಿದ ಕಥೆ ಬರುವಷ್ಟರಲ್ಲಿ ಬಂದವರು ಚಪ್ಪಲಿ ಹುಡುಕುತ್ತಿದ್ದರು. ಕೊನೆಯವರೆಗೂ ಕೂರುತ್ತಿದ್ದವಳು ನನ್ನ ಮಗಳೊಬ್ಬಳೇ. ಅದೂ ಮೊಬೈಲ್ ನೋಡುತ್ತ!

ಮೊನ್ನೆ ಅವಳ ಮದುವೆಯ ಮಾತುಕತೆಗೆಂದು ಛತ್ರಪತಿ ಸಂಭಾಜಿನಗರಕ್ಕೆ ಹೊರಟೆವು. ಹುಡುಗನ ಮನೆಯವರು ಮೂಲತಃ ಕಲಬುರಗಿಯವರು. ಕಾರು ಹತ್ತುವ ಮುಂಚೆಯೇ ಹೇಳಿದೆ: "ಮಾಮಾ, ಕೈ ಮುಗೀತೀನ್ರಿ. ಅಲ್ಲಿ ಒಂದು ಮಾತೂ ಆಡಬ್ಯಾಡ್ರಿ. ಮರ್ಯಾದಿ ಪ್ರಶ್ನಾ ಅದ."

"ಮಾಸ್ಕೋದ ಹುಕುಂ ಆತಲ್ಲ!" ಎಂದು ನಕ್ಕರು. ಅಲ್ಲಿ ನಿಜಕ್ಕೂ ತುಟಿ ಪಿಟಕ್ಕೆನ್ನಲಿಲ್ಲ.

ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಹುಡುಗನ ಅಜ್ಜಿ ನನ್ನ ಮಗಳನ್ನು ಕರೆದರು. "ನಮ್ಮ ಹುಡುಗ್ರೆಲ್ಲ ಮರಾಠಿ ಆಗ್ಯಾರ. ನನ್ನ ಕೂಡ ಮಾತಾಡೋರೇ ಇಲ್ಲ. ನಿನಗರ ಕನ್ನಡ ಬರ್ತದೇನವ್ವಾ? ಏನರ ಮಾತಾಡು."

ನಾನು, ನನ್ನ ಗಂಡ ಇಬ್ಬರೂ ಅವಳೊಂದಿಗೆ ಆಡುವುದು ಮರಾಠಿಯೇ. ಅವಳ ಬಾಯಲ್ಲಿ ಕನ್ನಡದ ಒಂದು ಪೂರ್ತಿ ವಾಕ್ಯವನ್ನು ನಾನೇ ಕೇಳಿರಲಿಲ್ಲ!

ಮಗಳು ಗಂಟಲು ಸರಿಮಾಡಿಕೊಂಡಳು. "ಕಲ್ಮಿಕಿಯಾ ಒಂದು ಸ್ವಾಯತ್ತ ಗಣರಾಜ್ಯ. ಅದರ ರಾಜಧಾನಿ ಎಲಿಸ್ತಾ..."

ಅಯ್ಯೋ ಶಿವನೇ! ಭೂಮಿ ಆಗಲೇ ಬಾಯಿಬಿಡಬಾರದಿತ್ತೇ? ಬೀಗರಾಗಬೇಕಾದವರು ಮುಖ ಮುಖ ನೋಡಿಕೊಂಡರು. ಮಗಳು ನಿಲ್ಲಿಸಲಿಲ್ಲ. ಸುಪ್ರೀಂ ಸೋವಿಯತ್ ಆಯಿತು, ಮಂತ್ರಿಮಂಡಲ ಆಯಿತು. "ಒಂದಿನ ಮಾಸ್ಕೋ ಎಲ್ಲಾರ್ನೂ ರೈಲಿನ್ಯಾಗ ತುಂಬಿ ಸೈಬೀರಿಯಾಕ್ಕ ಕಳಿಸ್ತು. ಅಲ್ಲಿ ಹುಡುಗ್ರು ತಮ್ಮ ಮಾತು ಮರತ್ರು" ಎಂದಳು. ಥೇಟ್ ಮಾಮಾ ಅವರದೇ ಧಾಟಿ.

ಅಜ್ಜಿ ಮುಂದಕ್ಕೆ ಬಾಗಿದರು. "ಪಾಪ! ಹೊಳ್ಳಿ ಬಂದ್ರೇನವ್ವಾ?"

"ಬಂದ್ರರಿ ಅಜ್ಜಿ. ಊರು ಹೊಳ್ಳಿ ಸಿಕ್ತು. ಮಾತು ಎಲ್ಲಾರಿಗೂ ಸಿಗಲಿಲ್ಲ."

ಅಜ್ಜಿ ಅವಳ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. "ಇಷ್ಟು ಛಂದ ಕನ್ನಡ ಯಾರು ಕಲಿಸಿದ್ರವ್ವಾ?" ಎಂದು ಕೇಳುತ್ತ ನೋಡಿದ್ದು ಮಾತ್ರ ಹೆತ್ತ ತಾಯಿಯಾದ ನನ್ನನ್ನು. ನನಗೆ ತಲೆ ಎತ್ತಲಾಗಲಿಲ್ಲ. ಮಗಳು ಮೂಲೆಯ ಕುರ್ಚಿಯತ್ತ ಕೈ ತೋರಿಸಿದಳು.

ಅಲ್ಲಿ ಮಾಮಾ ಕಣ್ತುಂಬಿಕೊಂಡು ಕೂತಿದ್ದರು. ತುಟಿ ಅದುರುತ್ತಿದ್ದರೂ ಮಾತು ಹೊರಗೆ ಬಿಟ್ಟಿರಲಿಲ್ಲ. ಎಲ್ಲರೂ ತಮ್ಮ ಕಡೆ ತಿರುಗಿದಾಗ ಅವರು ನನ್ನೊಬ್ಬಳನ್ನೇ ನೋಡಿ ಮೆಲ್ಲಗೆ ಕೇಳಿದರು:

"ನಾ ಈಗ ಮಾತಾಡ್ಲೇನವ್ವಾ?"