ಕೋಳಿಗೂಡಿನ ಹಿಂದಿನ ಜಾಡಿ

ಅನಾಹುತಕ್ಕೆಲ್ಲ ಮೂಲ ಆ ಹಾಳು ದ್ರಾಕ್ಷಿ ಬಳ್ಳಿ. ಮಾರಿಕುಪ್ಪಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ, ತನ್ನ ಮನೆಯ ಹಿತ್ತಲಲ್ಲಿ ದೊಡ್ಡವೆಂಕಟಪ್ಪ ಮೂರು ವರ್ಷ ನೀರು ಹೊತ್ತು ಬೆಳೆಸಿದ ಬಳ್ಳಿ ಕೊನೆಗೂ ಬಿಟ್ಟದ್ದು ಕಾಗೆಯೂ ಕಚ್ಚಿ ಉಗಿಯುವಂಥ ಹುಳಿ ಹಣ್ಣು. ಎಸೆಯಲು ಮನಸ್ಸು ಬರಲಿಲ್ಲ. ವಿಲಾಯಿತಿಗೆ ವಾಪಸಾದ ದೊರೆಯೊಬ್ಬರ ಅಡಿಗೆಯವನು ಉಪಾಯ ಹೇಳಿಕೊಟ್ಟ. ಹಣ್ಣು ಹಿಸುಕಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಪ್ಪತ್ತೊಂದು ದಿನ ಇಟ್ಟರೆ ದೊರೆಗಳು ಕುಡಿಯುವ ವೈನು ತಯಾರು.

ಹೆಂಡತಿ ಮಂಗಮ್ಮನ ಉಪ್ಪಿನಕಾಯಿ ಜಾಡಿಯೂ ತಿಂಗಳ ಸಕ್ಕರೆಯೂ ಒಂದೇ ದಿನ ಮಾಯವಾದವು. ಪರವಾನಗಿ ಇಲ್ಲದೆ ಇಂಥದ್ದು ಮಾಡುವುದು ಅಪರಾಧವೆಂದು ಅವನಿಗೂ ಗೊತ್ತಿತ್ತು. ಅದಕ್ಕೇ ಜಾಡಿಯನ್ನು ಕೋಳಿಗೂಡಿನ ಹಿಂದೆ ಕತ್ತಿನವರೆಗೆ ಹೂತಿಟ್ಟ.

ಇಪ್ಪತ್ತೊಂದನೇ ದಿನ ಭಾನುವಾರ ಬಿತ್ತು. ಮರುದಿನ ಅವನು ಮೇಸ್ತ್ರಿಯಾಗುವವನಿದ್ದ. ಇಪ್ಪತ್ತು ವರ್ಷ ಗಣಿಗೆ ಇಳಿದು ಹತ್ತಿದವನು. ದಿನಾ ಗೇಟಿನಲ್ಲಿ ಕಾವಲಿನವರು ಬಾಯಿ ತೆರೆಸಿ, ತಲೆಗೂದಲು ಕೆದಕಿ ನೋಡಿದರೂ ಚಿನ್ನದ ಒಂದು ಚೂರೂ ಸಿಕ್ಕಿರಲಿಲ್ಲ. ಆ ಒಳ್ಳೇ ಹೆಸರಿಗೇ ಸಿಕ್ಕ ಮೇಸ್ತ್ರಿಗಿರಿ ಅದು. ಆ ಸಂತೋಷಕ್ಕೆ ಒಂದು ಲೋಟ ಕುಡಿಯೋಣವೆಂದು ಬೆಳಗಾಗುತ್ತಲೇ ಗುದ್ದಲಿ ಹಿಡಿದ.

"ಇಪ್ಪತ್ತು ವರ್ಷ ಚಿನ್ನ ತೋಡ್ದೋನ ಹೆಂಡ್ತಿ ಕಿವಿ ಓಲೆ ನೋಡು, ಕಪ್ಪು ಹಿಡಿದು ಹಿತ್ತಾಳೆ ಹಂಗಾಗವೆ. ನಿಂಗೆ ವೈನು ಬೇಕಾ?" ಎಂದು ಮಂಗಮ್ಮ ಒಳಗಿನಿಂದ ಸುಪ್ರಭಾತ ಹಾಡಿದಳು.

ಗೋಡೆಯಾಚೆ ಪಕ್ಕದ ಮನೆಯ ವರಲಕ್ಷ್ಮಮ್ಮ ಹಲ್ಲುಜ್ಜುತ್ತಿದ್ದಳು. "ಏನಣ್ಣಾ, ಏನು ಅಗೀತಿದ್ದೀಯ?"

"ಎರೆಹುಳ. ಕೋಳಿಗೆ."

ಎರೆಹುಳ ಜಾಡಿಯಲ್ಲಿ, ಅದೂ ಬಟ್ಟೆ ಕಟ್ಟಿಕೊಂಡು ಬಂದದ್ದನ್ನು ಅವಳು ಕಣ್ಣಾರೆ ಕಂಡಳು. ಬಿಂದಿಗೆ ತುಂಬಿದ್ದರೂ ನಲ್ಲಿಯ ಕಡೆ ಹೊರಟಳು. ಗಣಿ ಊರಿನಲ್ಲಿ ಹಿತ್ತಲಲ್ಲಿ ಹೂತಿಟ್ಟದ್ದು ಅಂದರೆ ಜನಕ್ಕೆ ಹೊಳೆಯುವುದು ಒಂದೇ.

ದೊಡ್ಡವೆಂಕಟಪ್ಪ ಜಾಡಿಯನ್ನು ಅಡಿಗೆಮನೆಯಲ್ಲಿ ಇಳಿಸುವಷ್ಟರಲ್ಲಿ ಎದುರು ಮನೆಯ ಕುಪ್ಪುಸ್ವಾಮಿ ಬಾಗಿಲಲ್ಲಿದ್ದ. ಇವನನ್ನು ಜಗುಲಿಗೆ ಎಳೆದು ಕಿವಿಯಲ್ಲಿ ಉಸುರಿದ. "ಅಣ್ಣೇ, ನಂಗೂ ಒಂದು ಪಾಲು ಇರ್ಲಿ. ಬಂಗಾರಪೇಟೇಲಿ ನಂಗೆ ಗೊತ್ತಿರೋ ಆಚಾರಿ ಒಬ್ಬ ಅವ್ನೆ. ಎಲ್ಲಿಂದ ತಂದೆ ಅಂತ ಕೇಳಲ್ಲ, ಕರಗಿಸಿ ಕೊಡ್ತಾನೆ."

ದೊಡ್ಡವೆಂಕಟಪ್ಪನ ಮೈ ಉರಿದುಹೋಯಿತು. "ಯಾರಿಗೆ ಹೇಳ್ತಿದ್ದೀಯಲಾ? ಇಪ್ಪತ್ತು ವರ್ಷದಲ್ಲಿ ನನ್ನ ಉಗುರು ಸಂದೀಲಿ ಒಂದು ಕಣ ಬಂದದಾ? ಕಳ್ಳತನದ ಮಾತು ನನ್ನ ಜಗುಲೀಲಿ ಆಡ್ತೀಯಾ? ನಡಿ, ಓಗು."

ಕೂಗಿಗೆ ಲೈನಿನ ಬಾಗಿಲುಗಳೆಲ್ಲ ತೆರೆದವು. "ಏನೂ ಇಲ್ದೋನು ಇಷ್ಟು ಕೂಗ್ತಾನಾ?" ಎಂದಳು ವರಲಕ್ಷ್ಮಮ್ಮ. ಅವನು ಕೂಗಿದಷ್ಟೂ ಜಾಡಿಯೊಳಗೆ ಚಿನ್ನ ಹೆಚ್ಚಿತು. ಹತ್ತು ಗಂಟೆಗೆ ಒಂದು ಸೇರು ಇದ್ದದ್ದು ಹನ್ನೊಂದಕ್ಕೆ ಎರಡು ಸೇರಾಯಿತು. ಹನ್ನೆರಡಕ್ಕೆ ಗಣಿ ಕಾವಲಿನ ಇನ್ಸ್‌ಪೆಕ್ಟರ್ ಜಯರಾಮಪ್ಪ ಇಬ್ಬರು ಪೇದೆಗಳೊಡನೆ ಬಂದು ಜಾಡಿಯನ್ನು ಅಂಗಳಕ್ಕೆ ತರಿಸಿದರು.

ಹೆಂಡಕ್ಕಾದರೆ ದಂಡ ಕಟ್ಟಿದರೆ ಮುಗಿಯಿತು. ಚಿನ್ನಕ್ಕಾದರೆ ಮೇಸ್ತ್ರಿಗಿರಿ, ಕೆಲಸ, ಮನೆ, ಮಾನ ಎಲ್ಲವೂ ಹೋಗುತ್ತದೆ. ದೊಡ್ಡವೆಂಕಟಪ್ಪ ಎದೆ ಗಟ್ಟಿ ಮಾಡಿಕೊಂಡ. "ಸಾಮಿ, ಚಿನ್ನ ಅಲ್ಲ. ವೈನು. ತಪ್ಪಾಯ್ತು."

ಇನ್ಸ್‌ಪೆಕ್ಟರು ಸೌಟು ಹಾಕಿ ತಳದವರೆಗೆ ಕಲಕಿದರು. ಗೋಧಿ ಬಂತು, ಚಿನ್ನ ಬರಲಿಲ್ಲ. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡವರೇ ಕಣ್ಣು ಮುಚ್ಚಿ ಕಂಬ ಹಿಡಿದರು. "ಇದ್ಯಾವ ವೈನಯ್ಯಾ? ಹಲ್ಲೆಲ್ಲ ಜುಮ್ ಅಂತು."

ಕುಪ್ಪುಸ್ವಾಮಿ ಕರೆಯದೆಯೇ ಮುಂದೆ ಬಂದು ಅರ್ಧ ಲೋಟ ಕುಡಿದ. "ಸಾರ್, ನಾನು ಎಲ್ಲಾ ತರದ್ದೂ ಕುಡ್ದಿದೀನಿ. ಇದು ವೈನೂ ಅಲ್ಲ, ಸಾರಾಯೀನೂ ಅಲ್ಲ. ಬರೀ ಹುಳಿ." ವರಲಕ್ಷ್ಮಮ್ಮ ಬೆರಳದ್ದಿ ನೆಕ್ಕಿ, ಸಾರಿಗೆ ಹಾಕಬಹುದೆಂದಳು. ಲೈನಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ರುಚಿ ನೋಡಿ ಅಲ್ಲ, ಅಲ್ಲ ಎಂದು ತಲೆಯಾಡಿಸಿದರು.

ಇಪ್ಪತ್ತೊಂದು ದಿನ ಕಾದವನಿಗೆ ಎಂಥ ಅವಮಾನ! ಆದರೂ ನುಂಗಿಕೊಂಡ. ಚಿನ್ನವೂ ಇಲ್ಲ, ಹೆಂಡವೂ ಇಲ್ಲ. ನಾಳೆಯ ಮೇಸ್ತ್ರಿಗಿರಿ ಉಳಿಯಿತು. ಇನ್ಸ್‌ಪೆಕ್ಟರು ಬಾಯಿ ಮುಕ್ಕಳಿಸಿ ಹೊರಟೇಬಿಟ್ಟಿದ್ದರು.

ಅಷ್ಟರಲ್ಲಿ ಗಂಡನ ಮಾನ ಇನ್ನಷ್ಟು ಕಾಪಾಡಲು ಮಂಗಮ್ಮ ಬಾಗಿಲಿಗೆ ಬಂದಳು. "ವೈನಲ್ಲ ಸಾಮಿ, ನಾನೂ ಅದ್ನೇ ಏಳ್ತೀನಿ. ಇವ್ರು ಜಗುಲೀಲಿ ಕೂಗಾಡೋವಾಗ ನನ್ನ ಓಲೆ ಅದ್ರಲ್ಲಿ ಅದ್ದಿ ತೊಳ್ದೆ. ನೋಡಿ, ಇವತ್ತು ಮಾಡ್ಸಿದಂಗೆ ಅವೆ." ಕತ್ತು ತಿರುಗಿಸಿ ಎರಡು ಕಿವಿಯನ್ನೂ ತೋರಿಸಿದಳು.

ಮಧ್ಯಾಹ್ನದ ಬಿಸಿಲಿಗೆ ಓಲೆಗಳು ಝಗ್ಗೆಂದವು. ಜಯರಾಮಪ್ಪ ನಿಂತರು. ನಿಧಾನವಾಗಿ ತಿರುಗಿ ಬಂದರು. "ಓಹೋ. ಚಿನ್ನ ತೊಳೆಯೋ ಹುಳೀನಾ? ಅದೂ ಜಾಡಿಗಟ್ಟಲೆ, ಮಣ್ಣಲ್ಲಿ ಹೂತು? ಇವತ್ತು ಓಲೆ ತೊಳೆದಿದೆ, ನಿನ್ನೆ ಗಣಿಯಿಂದ ಕದ್ದದ್ದು ಇನ್ನೇನು ತೊಳೆದಿತ್ತೋ."

"ಸಾಮಿ, ಅದು ವೈನೇ," ದೊಡ್ಡವೆಂಕಟಪ್ಪ ಅಂಗಲಾಚಿದ. "ನಾನೇ ಮಾಡ್ದೆ. ಹೆಂಡದ ಕೇಸು ಬರ್ಕಳಿ. ಕೈ ಮುಗೀತೀನಿ."

"ಇಡೀ ಲೈನು ಕುಡಿದು ಸಾಕ್ಷಿ ಹೇಳಿದೆಯಲ್ಲಯ್ಯಾ, ಅಲ್ಲ ಅಂತ. ಎತ್ತು ಜಾಡಿ."

ತನ್ನ ಜಾಡಿಯನ್ನು ತಾನೇ ಹೆಗಲಿಗೇರಿಸಿಕೊಂಡು ದೊಡ್ಡವೆಂಕಟಪ್ಪ ಪೇದೆಗಳ ನಡುವೆ ಹೊರಟ. ಲೈನಿನ ತಿರುವಿನಲ್ಲಿ ಕುಪ್ಪುಸ್ವಾಮಿ ಓಡಿಬಂದು ಪಕ್ಕದಲ್ಲಿ ಹೆಜ್ಜೆ ಹಾಕಿದ.

"ಅಣ್ಣೇ, ಒಳಗೆ ಓದ್ರೆ ಎಷ್ಟು ದಿನಾನೋ ಏನೋ. ತೊಳ್ದಿದ್ ಚಿನ್ನಾನ ಎಲ್ಲಿ ಹೂತಿದ್ದೀಯ, ಅಷ್ಟು ಏಳ್ಬಿಟ್ಟು ಓಗು."