ಪಾಲಪ್ಪನನ್ನು ದೊಡ್ಡಿಗೆ ಹಾಕಿಸಿದ ಇಂಗ್ಲಿಷ್ ಕ್ರಿಯಾಪದಕ್ಕೆ

ಆಂಗ್ಲ ಭಾಷೆಯ ಅತಿ ಪುರಾತನ ಕ್ರಿಯಾಪದವೂ, ಏಳು ಸಮುದ್ರ ದಾಟಿ ಬಂದರೂ ಮೈಮೇಲಿನ ಇಸ್ತ್ರಿ ಮುರಿಯದ ಮಹಾನುಭಾವರೂ ಆದ ಮಹಾರಾಜರಾಜಶ್ರೀ ಅಪರ್‌ಟೇನ್ ಅವರ ದಿವ್ಯ ಸನ್ನಿಧಾನಕ್ಕೆ, ಮಧುಗಿರಿ ತಾಲ್ಲೂಕು ಮಿಡಿಗೇಶಿ ಕಡೆಯ ಬಂಡೇಪಾಳ್ಯದಿಂದ, ಹಿಂದೆ ಭೀಮಸೇನನ ವೇಷ ಕಟ್ಟಿ ಈಗ ಮೊಣಕಾಲು ನೋವಿನ ದೆಸೆಯಿಂದ ಧೃತರಾಷ್ಟ್ರನಾಗಿ ಕೂತುಬಿಟ್ಟಿರುವ ಮೂಡಲಗಿರಿಯಪ್ಪನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದು ಬರೆದೆನೇ ಹೊರತು ಅದೇ ಮೊಣಕಾಲಿನ ಕಾರಣ ಅದನ್ನು ನಿಂತುಕೊಂಡೇ ಮಾಡಿರುತ್ತೇನೆ, ಮನ್ನಿಸಬೇಕು.

ಮಾನ್ಯರೇ, ತಾವು ನಮ್ಮೂರಿಗೆ ದಯಮಾಡಿಸಿದ್ದು ಕಂದಾಯ ವಸೂಲಿಯ ಹೊಸ ಶೇಕದಾರ್ ಚಂದ್ರಶೇಖರಯ್ಯನವರ ಜೊತೆಯಲ್ಲಿ. ಅವರ ಟ್ರಂಕು, ಹಾಸಿಗೆ ಸುರುಳಿ, ಎಲೆಕೋಸಿನ ಬೀಜದ ಪೊಟ್ಟಣಗಳ ನಡುವೆ ತಾವೂ ಎತ್ತಿನ ಗಾಡಿಯಿಂದ ಇಳಿದಿರಿ. ಒಂದು ವಸ್ತು ಒಬ್ಬರಿಗೆ ಸೇರಿದ್ದೆಂದು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಚಿಕ್ಕಪುಟ್ಟ ಮಾತುಗಳು ಇವೆಯಂತೆ. ಅವೆಲ್ಲ ಸಂತೆಗೆ ಹೋಗಿಬರುವಂಥವು, ತಾವೊಬ್ಬರೇ ದರ್ಬಾರಿಗೆ ಹೋಗುವವರು, ಈಗೀಗ ಇಂಗ್ಲಿಷರೇ ತಮ್ಮನ್ನು ಪೆಟ್ಟಿಗೆಯಿಂದ ಹೊರತೆಗೆಯುವುದು ಅಪರೂಪ ಎಂದು ಶೇಕದಾರರು ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ ವಿವರಿಸಿದರು. ಅಂದಿನಿಂದ ಅವರ ಕೊಡೆ ಅವರಿಗೆ ಅಪರ್‌ಟೇನ್ ಆಯಿತು, ಅವರ ಚೊಂಬು ಅಪರ್‌ಟೇನ್ ಆಯಿತು. ಒಮ್ಮೆ ಅವರಿಗೆ ಬಂದ ನೆಗಡಿ ಯಾರಿಗೆ ಸೇರಿದ್ದೆಂದು ನಾವು ಯಾರೂ ಕೇಳಿರಲಿಲ್ಲ, ಆದರೂ ಅದನ್ನೂ ಸ್ಪಷ್ಟಪಡಿಸಿದರು. ಬೀಡಾಡಿ ದನಗಳ ದೊಡ್ಡಿಯನ್ನು ಕಾಯುವ ನಮ್ಮ ಕದರಪ್ಪ ಮಾತ್ರ ನನ್ನ ಕಿವಿಯಲ್ಲಿ, "ಸೇರೈತೆ ಅಂದ್ರೆ ಸಾಲ್ದೇನಣ್ಣಾ? ಮೇಕೆ ಕಟ್ಟಾಕೆ ಆನೆ ಸರಪಳಿ ಯಾಕೆ?" ಎಂದ. ಅವನ ಅಜ್ಞಾನವನ್ನು ತಾವು ಗಣನೆಗೆ ತೆಗೆದುಕೊಳ್ಳಬಾರದು.

ಈಗ ಪಾಲಪ್ಪನ ವಿಚಾರಕ್ಕೆ ಬರುತ್ತೇನೆ. ಪಾಲಪ್ಪ ಎಂದರೆ ಇಬ್ಬರು. ಮೊದಲನೆಯವನು ರಂಗದ ಮೇಲೆ ನನ್ನ ಎದುರು ದುರ್ಯೋಧನನಾಗಿ ನಿಲ್ಲುತ್ತಿದ್ದವನು. ತೊಡೆ ಮುರಿಸಿಕೊಂಡು ಬಿದ್ದ ಮೇಲೂ ಒಂದು ಪದ ಹೆಚ್ಚಿಗೆ ಹಾಡದೆ ಪ್ರಾಣ ಬಿಡುತ್ತಿರಲಿಲ್ಲ. ಕಾಯಿಲೆ ಬಂದು ನಿಜವಾಗಿ ಹೋದಾಗ ಮಾತ್ರ ಒಂದು ಸೊಲ್ಲೂ ಎತ್ತದೆ ಹೋದ. ಅವನ ಹೆಂಡತಿ ಓಬಕ್ಕ ಗಂಡನ ಹೆಸರಿನಲ್ಲಿ ಒಂದು ಹೋರಿಗರುವನ್ನು ಬಸವನಾಗಿ ಬಿಟ್ಟಳು. ಆ ಬಸವನೇ ಎರಡನೆಯ ಪಾಲಪ್ಪ.

ತಮ್ಮ ದೇಶದಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ಅರಿಯೆ. ನಮ್ಮಲ್ಲಿ ಕರುವಿಗೆ ತ್ರಿಶೂಲದ ಮುದ್ರೆ ಒತ್ತಿ, ಬಸವಣ್ಣನ ಗುಡಿಯ ಮುಂದೆ ನಿಲ್ಲಿಸಿ, ಮನೆಯವರೇ ಕೈಯಾರೆ ಕೊರಳ ಹಗ್ಗ ಬಿಚ್ಚಿ, "ಇವತ್ತಿಂದ ನೀನು ನಮ್ಮೋನಲ್ಲ, ಲೋಕದೋನು" ಎನ್ನುತ್ತಾರೆ. ಆಮೇಲೆ ಆ ಮನೆಯವರು ಅದಕ್ಕೆ ಹಗ್ಗ ಹಾಕುವಂತಿಲ್ಲ, ನಮ್ಮದು ಎನ್ನುವಂತಿಲ್ಲ. ಹಾಗೇನಾದರೂ ಅಂದುಬಿಟ್ಟರೆ, ಸತ್ತವನು ಪರಲೋಕದ ಅರ್ಧ ದಾರಿಯಲ್ಲಿ ಹಗ್ಗ ಜಗ್ಗಿದಂತಾಗಿ ನಿಂತುಬಿಡುತ್ತಾನೆಂದು ನಂಬಿಕೆ. ಬಸವ ಯಾರ ಹೊಲಕ್ಕೆ ಬಾಯಿ ಹಾಕಿದರೂ, "ಉಂಡ್ಕೊಂಡು ಹೋಗಪ್ಪಾ" ಎಂದು ಕೈಮುಗಿಯುವುದು ಪದ್ಧತಿ. ಊರೆಲ್ಲ ಅವನನ್ನು ಪಾಲಪ್ಪ ಎಂದೇ ಕರೆಯುತ್ತದೆ, ಓಬಕ್ಕನೊಬ್ಬಳನ್ನು ಬಿಟ್ಟು. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ಆಡುವುದುಂಟೇ? ಸಂಜೆ ಅವನು ಬಂದು ಬಾಗಿಲಲ್ಲಿ ನಿಂತರೆ ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಒಂದು ಮುದ್ದೆ ಮುಂದಿಟ್ಟು, ದಿನದ ವರದಿ ಒಪ್ಪಿಸುತ್ತಾಳೆ. "ನಿಮ್ಮ ತಮ್ಮ ನಮ್ಮ ಹೊಲದ ಬದ ಒತ್ತರಿಸ್ತಾ ಅವ್ನೆ, ಆ ಕಡೀಕೆ ಒಂದು ಸುತ್ತು ಹೋಗ್ಬನ್ನಿ" ಎಂದು ಆಕೆ ಹೇಳಿದ್ದನ್ನು ಕೇಳಿದ್ದೇನೆ. ಮಾರನೆಯ ದಿನ ಮೈದುನನ ಅವರೆ ಹೊಲದಲ್ಲಿ ಪಾಲಪ್ಪ ನಿಂತಿದ್ದನ್ನು ಕಂಡೂ ಇದ್ದೇನೆ.

ಹೀಗಿರುವಲ್ಲಿ, ಪಾಲಪ್ಪನು ಒಂದು ಬೆಳಗ್ಗೆ ಶೇಕದಾರರ ಎಲೆಕೋಸಿನ ಪಾತಿಗೆ ಚಿತ್ತೈಸಿದನು. ಆ ಕೋಸನ್ನು ಶೇಕದಾರರು ಮಗುವಿನಂತೆ ಸಾಕಿದ್ದರೆಂಬುದು ನಿಜ. ಬಿಸಿಲಿಗೆ ಸ್ವಂತ ಕೊಡೆಯನ್ನೇ ಅದಕ್ಕೆ ಹಿಡಿದು ಅವರು ಬೆವರುತ್ತಾ ನಿಂತದ್ದನ್ನು ಊರು ನೋಡಿದೆ. ಕೈಮುಗಿಯಬೇಕಾದ ಗಳಿಗೆಯಲ್ಲಿ ಅವರು "ಹಿಡಿಯಿರಿ" ಎಂದರು. ಹಿಡಿಯುವವರು ಯಾರು? ಹಗ್ಗ ಮುಟ್ಟಲು ಒಬ್ಬನೂ ಮುಂದೆ ಬರಲಿಲ್ಲ. ಕೊನೆಗೆ ಕದರಪ್ಪ ಉಳಿದ ಕೋಸುಗಳನ್ನೆಲ್ಲ ಕಿತ್ತು, ಒಂದೊಂದಾಗಿ ತೋರಿಸುತ್ತಾ, ಹಿಂದೆ ಹಿಂದೆ ನಡೆದು ಪಾಲಪ್ಪನನ್ನು ದೊಡ್ಡಿಯೊಳಕ್ಕೆ ಬಿಜಯಮಾಡಿಸಿದ. ಪಾತಿಯನ್ನು ಪಾಲಪ್ಪ ಅರ್ಧ ಮುಗಿಸಿದ್ದ. ಇನ್ನರ್ಧವನ್ನು ಕಾನೂನು ಮುಗಿಸಿತು.

ಅಂದು ದೊಡ್ಡಿಯ ಬಾಗಿಲ ಮೇಲೆ, ರಾಗಿಗಂಜಿಯ ಅಂಟಿನಲ್ಲಿ, ತಮ್ಮ ಪಟ್ಟಾಭಿಷೇಕವಾಯಿತು. ಶೇಕದಾರರು ಅಂಟಿಸಿದ ನೋಟೀಸಿನಲ್ಲಿ ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ತಮ್ಮ ತೂಕಕ್ಕೆ ಸರಿಗಟ್ಟುವ ಮಾತು ಕನ್ನಡದಲ್ಲಿ ಸಿಗಲಿಲ್ಲವೆಂದು ಅಲ್ಲಿಯೂ ತಮ್ಮನ್ನೇ ಕೂರಿಸಿದ್ದರು: ಈ ಎತ್ತು ಯಾರಿಗೆ ಅಪರ್‌ಟೇನ್ ಆಗುತ್ತದೋ ಅವರು ಬಂದು, ತಮ್ಮದೆಂದು ಬಾಯಿಬಿಟ್ಟು ಹೇಳಿ, ಹಗ್ಗ ಹಾಕಿ ಹೊಡೆದುಕೊಂಡು ಹೋಗತಕ್ಕದ್ದು, ಯಾರಿಗೂ ಅಪರ್‌ಟೇನ್ ಆಗದ ಪಕ್ಷದಲ್ಲಿ ಸೋಮವಾರ ಹರಾಜು.

ನೋಡಿದಿರಾ ಮಾನ್ಯರೇ, ತಮ್ಮ ಮಹಿಮೆ. ನನ್ನದು ಎಂದರೆ ಓಬಕ್ಕ ಗಂಡನ ದಾರಿಗೆ ಅಡ್ಡ ಬಂದಂತೆ. ನನ್ನದಲ್ಲ ಎಂದರೆ ಗಂಡನ ಹೆಸರು ಹೊತ್ತವನ ಹೆಗಲಿಗೆ ನೊಗ. ನಾವು ಹತ್ತು ಜನ ಹೋಗಿ, ಅದು ಬಸವಣ್ಣನಿಗೆ ಸೇರಿದ್ದೆಂದು ಬೇಡಿಕೊಂಡೆವು. "ಹಾಗಾದರೆ ಬಸವಣ್ಣನೇ ಬಂದು ಹೇಳಲಿ" ಎಂದರು ಶೇಕದಾರರು. ಬಸವಣ್ಣನ ಪಾತ್ರವನ್ನು ಕಟ್ಟಲು ನಾನು ಸಿದ್ಧನಿದ್ದೆ, ಮೊಣಕಾಲು ಸಮ್ಮತಿಸಲಿಲ್ಲ.

ಇಷ್ಟು ಸಮರ್ಥರಾದ ತಮ್ಮಲ್ಲಿ ನನ್ನದೂ ಕೆಲವು ಬಿನ್ನಹಗಳಿವೆ. ಸಿದ್ದರಬೆಟ್ಟದ ಮೇಲಿಂದ ಬೀಸುವ ಗಾಳಿ ಕೊರಟಗೆರೆಯವರಿಗೆ ಸೇರಿದ್ದೋ ನಮಗೋ ಎಂಬುದನ್ನು ಇತ್ಯರ್ಥಪಡಿಸಿ, ನಮ್ಮ ಪಾಲನ್ನು ಬೇಸಿಗೆಯಲ್ಲಿ ಕಳಿಸಿಕೊಡಬೇಕು. ಶಿರಾದಲ್ಲಿ ನಾನು ಭೀಮನಾಗಿ ಹಾಕಿದ ಗರ್ಜನೆ ಹುಲಿಕುಂಟೆಯವರೆಗೆ ಕೇಳಿಸಿತೆಂದು ಪ್ರತೀತಿ. ಅಲ್ಲಿ ಉಳಿದುಹೋದ ಅರ್ಧ ಗರ್ಜನೆ ನನ್ನದೇ ಆದ್ದರಿಂದ ಅದನ್ನು ಹಿಂದಕ್ಕೆ ಕೊಡಿಸಬೇಕು, ಈಗ ಗಂಟಲಿಗೆ ಬೇಕಾಗಿದೆ. ಹಾಗೆಯೇ ನನ್ನ ಮೊಣಕಾಲು ನೋವು ಯಾರಿಗೂ ಅಪರ್‌ಟೇನ್ ಆಗುವುದಿಲ್ಲವೆಂದು ಸಾರಿ ಹರಾಜು ಹಾಕಿಸಬೇಕು. ಸವಾಲು ಕೂಗಲು ನಾನು ಬರುವುದಿಲ್ಲ.

ಸೋಮವಾರ ಬಂತು. ಹರಾಜಿಗೆ ಊರವರು ಸೇರಿದರು, ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಕೊಳ್ಳಲು ಬಂದವನು ಒಬ್ಬನೇ, ಪಾವಗಡದ ಆಚೆಯ ಕಲ್ಲುಗಾಡಿಗಳ ಕಂತ್ರಾಟುದಾರ. ಇದು ದೇವರ ಬಸವ ಕಣಪ್ಪಾ ಎಂದು ಹೇಳಿನೋಡಿದೆವು. "ಮೀ ದೇವುಡು ಮೀಕು, ಮಾ ಬಂಡಿ ಮಾಕು" ಎಂದ. ನಿಮ್ಮ ದೇವರು ನಿಮಗಿರಲಿ, ನಮ್ಮ ಗಾಡಿ ನಮಗೆ ಎಂದು ಅದರ ಅರ್ಥ. ತಾವೇ ತೆಲುಗಿನ ವೇಷ ಕಟ್ಟಿ ಬಂದಿರೋ ಎಂದು ನನಗೆ ಅನುಮಾನವಾಯಿತು.

ಆಗ ಓಬಕ್ಕ ಬಂದಳು. ಕಂಕುಳಲ್ಲಿ ಒಂದು ಬಟ್ಟೆಗಂಟು ಇತ್ತು.

"ಏನಮ್ಮ, ಈ ಎತ್ತು ನಿನಗೆ ಅಪರ್‌ಟೇನ್ ಆಗುತ್ತದೆಯೋ? ಅಂದರೆ, ನಿನಗೆ ಸೇರಿದ್ದೋ?" ಎಂದು ಶೇಕದಾರರು ಕೇಳಿದರು.

"ಇಲ್ಲ ಬುಡಿ ಬುದ್ಧಿ. ಗುಡಿ ಮುಂದೆ ಕೊಟ್ಟಾಗೈತೆ. ಕೊಟ್ಟ ಬಾಯಲ್ಲಿ ನಂದು ಅನ್ನಕ್ಕಾಗಾಕಿಲ್ಲ."

"ಅದರ ಹೆಸರೇನು?"

ಓಬಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಆಯಮ್ಮ ಹೇಳಾಕಿಲ್ಲ ಬುದ್ಧಿ, ಅದು ಅವಳ ಗಂಡನ್ ಹೆಸರು" ಎಂದು ಕದರಪ್ಪ ನಡುವೆ ಬಾಯಿ ಹಾಕಿದ.

ಶೇಕದಾರರು ಬಾಗಿಲ ಮೇಲಿನ ಕಾಗದದತ್ತ ಬೆರಳು ತೋರಿಸಿದರು. "ಹಾಗಾದರೆ ಇದು ಯಾರಿಗೂ ಅಪರ್‌ಟೇನ್ ಆಗುವುದಿಲ್ಲ."

"ಅವರು ಯಾರಿಗೂ ಸೇರಿದೋರಲ್ಲ, ದಿಟ" ಎಂದಳು ಓಬಕ್ಕ, ದನಿ ಏರಿಸದೆ. "ನಾನು ಅವರಿಗೆ ಸೇರಿದೋಳು. ನಮ್ಮಪ್ಪ ಧಾರೆ ಎರೆದು ಕೊಟ್ಟವ್ನೆ, ಇವತ್ತಿನಗಂಟ ಯಾರೂ ಬುಡಿಸ್ಕೊಂಡಿಲ್ಲ. ಅವರು ಎಲ್ಲಿಗೋ ನಾನೂ ಅಲ್ಲಿಗೆ. ಈ ಅಣ್ಣ ಗಾಡಿಗೆ ಕಟ್ಟಿದ್ರೆ ನಾನು ಹಿಂದ್ಗಡೆ ನಡ್ಕೊಂಡ್ ಹೋಯ್ತೀನಿ. ನಂಗೆ ಎರಡೊತ್ತು ಮುದ್ದೆ ಹಾಕ್ಲಿ. ಎಲೆಅಡಿಕೆ ಬ್ಯಾಡ, ಹೊಗೆಸೊಪ್ಪಿದ್ರೆ ಸಾಕು. ಅವರ್ಗೆ ಚಾಟಿ ಎತ್ತಿದ್ರೆ ಮಾತ್ರ ನಾನು ಸುಮ್ಕಿರಾಕಿಲ್ಲ, ಅದನ್ನ ಈಗ್ಲೇ ಹೇಳಿವ್ನಿ."

ಮಾನ್ಯರೇ, ನಾನು ಬಣ್ಣ ಹಚ್ಚಿಕೊಂಡು ಎಷ್ಟೋ ಸಭೆಗಳನ್ನು ನಡುಗಿಸಿದವನು. ಬಣ್ಣವಿಲ್ಲದೆ, ಗದೆಯಿಲ್ಲದೆ, ಸಭೆಯನ್ನು ಗೆದ್ದವರನ್ನು ಅಂದೇ ಕಂಡೆ. ಕಂತ್ರಾಟುದಾರ ಆಕೆಯ ಗಂಟನ್ನು ನೋಡಿದ, ಆಕೆಯ ಮುಖ ನೋಡಿದ, ಮುಂದಿನ ಆಯುಷ್ಯವನ್ನೆಲ್ಲ ಒಮ್ಮೆ ಯೋಚಿಸಿದನೆಂದು ಕಾಣುತ್ತದೆ. "ಎದ್ದುಕಿ ಗಡ್ಡಿ ವೇಸ್ತಾನು ಗಾನೀ, ಈ ಅವ್ವಕಿ ಜವಾಬು ಚೆಪ್ಪಲೇನಯ್ಯಾ" ಎಂದು ಹೇಳಿ ಗಾಡಿ ಹತ್ತಿದ. ಎತ್ತಿಗೆ ಹುಲ್ಲು ಹಾಕಬಲ್ಲೆ, ಈ ತಾಯಿಗೆ ಜವಾಬು ಹೇಳಲಾರೆ ಎಂದು ಆ ಮಾತಿನ ತಾತ್ಪರ್ಯ.

ಶೇಕದಾರರು ಸವಾಲು ಕೂಗಿ ಎಂದರು. ಕೂಗಲು ಯಾರೂ ಇರಲಿಲ್ಲ. ಅಷ್ಟರಲ್ಲಿ ದೊಡ್ಡಿಯ ಬಾಗಿಲು ಕಿರುಗುಟ್ಟಿತು. "ಅಗುಳಿ ಸಡ್ಲ ಆಗೈತೇನೋ ಅಂತ ನೋಡ್ತಿದ್ದೆ ಬುದ್ಧಿ, ಕೈಗೇ ಬಂದ್ಬುಡ್ತು" ಎಂದ ಕದರಪ್ಪ. ಶೇಕದಾರರು ಅವನನ್ನೊಮ್ಮೆ, ಓಬಕ್ಕನ ಗಂಟನ್ನೊಮ್ಮೆ ನೋಡಿ, ನೆರಳಿನಲ್ಲಿ ನಿಂತಿದ್ದರೂ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅವರ ಬಗ್ಗೆ ನನಗೆ ಅಂದಿನಿಂದ ಗೌರವ.

ಪಾಲಪ್ಪ ಹೊರಬಂದು, ಬಾಗಿಲ ಬಳಿ ಒಂದು ಗಳಿಗೆ ತಡೆದು, ಊರಿನ ಕಡೆ ಹೊರಟ. ನಮ್ಮ ಸೀಮೆಯ ಹೆಂಗಸರು ಸಂತೆಗೆ ಹೋಗುವಾಗ ಗಂಡನಿಂದ ಎಷ್ಟು ಹಿಂದೆ ನಡೆಯುತ್ತಾರೋ ಅಷ್ಟೇ ಹಿಂದೆ ಓಬಕ್ಕ ನಡೆದಳು. ದಾರಿ ತಿರುಗುವಲ್ಲಿ ಆಕೆಯ ದನಿ ಕೇಳಿಸಿತು: "ವಸಿ ನಿಧಾನುಕ್ಕೆ ನಡೀರಿ, ನಂಗೂ ಕಾಲು ಮೊದಲಿನಂಗಿಲ್ಲ."

ಪಾಲಪ್ಪ ನಿಂತ.

ಆದಕಾರಣ ಮಾನ್ಯರೇ, ಇನ್ನು ಮುಂದೆ ಬಂಡೇಪಾಳ್ಯದಲ್ಲಿ ತಮಗೆ ವಿಶ್ರಾಂತಿ ದೊರೆಯಲಿ ಎಂದು ಹಾರೈಸುತ್ತೇನೆ. ನಮ್ಮಲ್ಲಿ ಯಾವುದು ಯಾರಿಗೆ ಸೇರಿದ್ದೆಂದು ತಿಳಿಯಬೇಕಾದರೆ, ಅದು ಸಂಜೆ ಯಾರ ಬಾಗಿಲಲ್ಲಿ ನಿಲ್ಲುತ್ತದೆಂದು ನೋಡಿಕೊಳ್ಳುತ್ತೇವೆ. ತಮಗೆ ತೊಂದರೆ ಕೊಡುವುದಿಲ್ಲ.

ತಮ್ಮ ವಿಶ್ವಾಸಿಯಾಗಲು ಇನ್ನೂ ಪ್ರಯತ್ನಪಡುತ್ತಿರುವ,
ಮೂಡಲಗಿರಿಯಪ್ಪ

ಮರೆತಿದ್ದ ಮಾತು: ಪಾಲಪ್ಪ ಬಾಗಿಲ ಬಳಿ ತಡೆದದ್ದು ಗಂಜಿಯ ವಾಸನೆಗೆ. ಅಂಟಿಸಿದ್ದ ಕಾಗದವನ್ನು ಒಂದೇ ಬಾಯಿಗೆ ಎಳೆದುಕೊಂಡದ್ದರಿಂದ, ಸದ್ಯಕ್ಕೆ ತಾವೇ ಸಂಪೂರ್ಣವಾಗಿ ಪಾಲಪ್ಪನಿಗೆ ಅಪರ್‌ಟೇನ್ ಆಗಿರುತ್ತೀರಿ. ನಾಳೆ ಬೆಳಗ್ಗೆ ತಮ್ಮ ಬಿಡುಗಡೆಯಾಗುವ ಸಂಭವವಿದ್ದು, ಆನಂತರ ತಮ್ಮ ವಿಳಾಸ ಓಬಕ್ಕ ಬೆರಣಿ ತಟ್ಟುವ ಗೋಡೆ. ಅಲ್ಲಿ ಚೆನ್ನಾಗಿ ಬಿಸಿಲು ಬೀಳುತ್ತದೆ, ಕೊಡೆ ತರುವುದು.