ಕೃಷ್ಣಾನಂದ ಮಾಸ್ತರರ ಜೀರಿಗೆ ಮೆಣಸು

"ಬಂಗಾರಿ, ಬರ್ದಿಟ್ಕ! ಗುರುವಾರ ನನ್ನ ಪಾಠ ಕೇಳಿ ಇನ್‌ಸ್ಪೆಕ್ಟರ್ ಸಾಹೇಬ್ರು ಕುರ್ಚಿಯಿಂದ ಎದ್ದು ನಿಲ್ಲದೇ ಇದ್ರೆ ನನ್ನ ಹೆಸ್ರು ಕೃಷ್ಣಾನಂದ ಅಲ್ಲ!"

ಧಾರೇಶ್ವರದ ಆಚೆಯ ಒಂದು ಹಳ್ಳಿಯಲ್ಲಿ ಒಂದನೇ ಇಯತ್ತೆಗೆ ಕಲಿಸುತ್ತಿದ್ದ ಕೃಷ್ಣಾನಂದ ಮಾಸ್ತರರು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹೀಗೆ ಘೋಷಿಸಿದಾಗ, ಅವರ ಹೆಂಡತಿ ಬಂಗಾರಿ ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕು ವರ್ಷವಾಗಿತ್ತು. ಸರಕಾರ ಬದಲಾದರೂ ಮಾಸ್ತರರಿಗೆ ಸಾಹೇಬರ ಭಯ ಬದಲಾಗಿರಲಿಲ್ಲ. ತಪಾಸಣೆ ಮುಗಿಸಿ ಅವರು ಶಾಲೆಯ ಬುಕ್ಕಿನಲ್ಲಿ ಗೀಚುವ ಅಭಿಪ್ರಾಯಕ್ಕೆ ಶೆರಾ ಎಂದು ಹೆಸರು. ಹೋದ ವರ್ಷದ ಶೆರಾ ನೆಟ್ಟಗಿರಲಿಲ್ಲ. ಈ ವರ್ಷವೂ ಹಾಗೇ ಆದರೆ ಮಾಸ್ತರರಿಗೆ ಘಟ್ಟದ ಮೇಲೆ ವರ್ಗ ಎಂದು ಕುಮಟೆಯಿಂದ ಸುದ್ದಿ ಬಂದಿತ್ತು.

ಘಟ್ಟದ ಮೇಲೆ! ಬಂಗುಡೆ ಇಲ್ಲ, ತಾರ್ಲೆ ಇಲ್ಲ, ಸಿಗಡಿಯ ವಾಸನೆಯೂ ಇಲ್ಲ! ಆ ಸುದ್ದಿ ಕೇಳಿದ ದಿನದಿಂದ ಬಂಗಾರಿಗೆ ನಿದ್ದೆ ಹತ್ತಿರಲಿಲ್ಲ.

"ಮೀನಿಲ್ದ ಊರಿಗೆ ನಾ ಬರುದಿಲ್ಲ. ನೀವೊಬ್ರೇ ಹೋಗಿ ಬೇಳೆಸಾರು ಉಣ್ಣಿ. ಅದಿರ್ಲಿ, ಎಂತ ಪಾಠ ಅದು?"

"ಸಾಂಬಾರ ಪದಾರ್ಥ! ಮಕ್ಳು ಮೂರು ಹೊತ್ತೂ ತಿಂತಾರೆ, ಎಲ್ಲಿ ಹುಟ್ತದೆ ಹೇಳಿ ಒಬ್ರಿಗೂ ಗೊತ್ತಿಲ್ಲ. ಕೊತ್ತಂಬರಿ ಎಲ್ಲಿಂದ ಬತ್ತದೆ ಕೇಳಿದ್ರೆ, ಅಂಗಡಿ ಡಬ್ಬಿಯಿಂದ ಹೇಳ್ತಾರೆ! ಪ್ರತ್ಯಕ್ಷ ವಸ್ತು ತೋರ್ಸಿ ಕಲಿಸ್ತೆ. ನಿನ್ನ ಸಾಂಬಾರ ಡಬ್ಬಿ ಒಂದಿನ ಕೊಡು."

"ಹೋದ ತಿಂಗ್ಳು ಗಣಿತ ಕಲಿಸ್ತೆ ಹೇಳಿ ಒಯ್ದ ಹೆಸರುಕಾಳು ತಿರುಗಿ ಬಂತಾ? ಡಬ್ಬಿ ಕೊಡುದಿಲ್ಲ. ಆತು!"

ವೀರರು ಇಂಥದಕ್ಕೆಲ್ಲ ಎದೆಗುಂದುವುದಿಲ್ಲ. ಅರಿಶಿನದ ಕೊಂಬು, ಕಾಳುಮೆಣಸು, ದಾಲ್ಚಿನ್ನಿ, ಲವಂಗಗಳನ್ನು ಮಾಸ್ತರರು ಅಲ್ಲಿ ಇಲ್ಲಿ ಬೇಡಿ ತಂದು ಒಂದು ಪೊಟ್ಟಣ ಕಟ್ಟಿದರು. ಉಳಿದದ್ದು ಜೀರಿಗೆ ಒಂದು, ಒಣಮೆಣಸು ಒಂದು. ಅವನ್ನು ಮಕ್ಕಳೇ ತರಲಿ! ಬುಧವಾರ ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಬಾಗಿಲಿಗೆ ನುಗ್ಗುತ್ತಿದ್ದಾಗ ಅವರು ಒಂದೇ ಉಸಿರಿಗೆ ಕೂಗಿದರು.

"ನಾಳೆ ಎಲ್ಲಾರೂ ಮನೆಯಿಂದ ಜೀರಿಗೆ ಮೆಣಸು ತರ್ಬೇಕು!"

ಗುರುವಾರ ಮೂವತ್ತು ಮಕ್ಕಳೂ ಹಾಜರು. ಮೂವತ್ತು ಮುಷ್ಟಿಗಳೂ ಬಿಗಿ.

"ತಂದ್ರಾ?"

"ತಂದೇವು ಮಾಸ್ತರ್ರೇ!"

"ಬಿಚ್ಚಿ!"

ಬಿಚ್ಚಿದರು. ಅಂಗೈ ತುಂಬ ಕೆಂಪು, ಹಸಿರು ಪುಟಾಣಿ ಕಾಯಿಗಳು. ಜೀರಿಗೆ ಮೆಣಸು! ಅದು ಜೀರಿಗೆಯೂ ಅಲ್ಲ, ಅಂಗಡಿಯಲ್ಲಿ ತೂಗಿ ಕೊಡುವ ಮೆಣಸೂ ಅಲ್ಲ. ಹಕ್ಕಿ ಉದುರಿಸಿದ ಬೀಜದಿಂದ ಹಿತ್ತಲಲ್ಲಿ ತಾನಾಗಿ ಹುಟ್ಟಿ, ಉಗುರಿನಷ್ಟೇ ಬೆಳೆದು, ಎರಡೇ ಕಾಯಿಗೆ ಒಂದು ಮಡಕೆ ಸಾರಿಗೆ ಬೆಂಕಿ ಇಡುವ ಮಹಾ ಕಿರಾತಕ! ಅದನ್ನು ಮಕ್ಕಳು ಬೆಳಗಿನಿಂದ ಮುಷ್ಟಿಯಲ್ಲಿ ಹಿಚುಕುತ್ತಲೇ ಇದ್ದರು.

"ಅಯ್ಯಯ್ಯೋ, ನಾ ಹೇಳಿದ್ದು ಜೀರಿಗೆ! ಆಮೇಲೆ ಮೆಣಸು!"

"ನೀವು ಆಮೇಲೆ ಹೇಳ್ಲಿಲ್ಲ ಮಾಸ್ತರ್ರೇ. ಒಟ್ಟಿಗೇ ಹೇಳದ್ರಿ," ಎಂದಳು ಮುಂದಿನ ಸಾಲಿನ ನಾಗಿ. ಹಾಗೆಂದವಳು ಕಣ್ಣುಜ್ಜಿಕೊಂಡಳು.

ಶುರುವಾಯಿತು ನೋಡಿ! ನಾಗಿ ಅತ್ತಳೆಂದು ಪಕ್ಕದವಳು ಕಣ್ಣೊರೆಸಿದಳು, ಅವಳು ಅತ್ತಳೆಂದು ಹಿಂದಿನವನು. ಮಾಸ್ತರರು ಮುಷ್ಟಿಗಳನ್ನೆಲ್ಲ ಮೇಜಿನ ಮೇಲೆ ಖಾಲಿ ಮಾಡಿಸಿ, ಕಾಯಿ ಬಾಚಿದ ಅದೇ ಕೈಯಲ್ಲಿ ತಮ್ಮ ಹಣೆಯ ಬೆವರನ್ನೂ ಒರೆಸಿಕೊಂಡರು. ಬೆವರು ಕಣ್ಣಿಗಿಳಿಯಿತು. ಆ ಕ್ಷಣಕ್ಕೇ ಸಾಹೇಬರು ಒಳಗೆ ಬಂದರು. ಮೂವತ್ತು ಮಕ್ಕಳು, ಒಬ್ಬ ಮಾಸ್ತರರು, ಎಲ್ಲರೂ ಗೊಳೋ ಎಂದು ಅಳುತ್ತಿದ್ದಾರೆ!

ಸಾಹೇಬರು ಟೋಪಿ ತೆಗೆದು ಮೆಲ್ಲಗೆ ಕೇಳಿದರು.

"ಯಾರು ತೀರ್ಕೊಂಡ್ರೀ, ಮಾಸ್ತರ?"

"ಯಾರೂ ಇಲ್ಲ ಸಾಹೇಬ್ರೇ... ಸಾಂಬಾರ ಪದಾರ್ಥದ ಪ್ರತ್ಯಕ್ಷ ಪಾಠ..."

ಸಾಹೇಬರು ಕುರ್ಚಿಯಲ್ಲಿ ಕೂತು ಮೇಜಿನ ಮೇಲಿನ ಕಾಯಿಯೊಂದನ್ನು ಎತ್ತಿ ನೋಡಿ ನಕ್ಕರು. "ಇಷ್ಟ ಸಣ್ಣದಕ್ಕ ಅಳೋದೇನ್ರೀ? ನಾವು ಧಾರವಾಡದ ಮಂದಿ. ರೊಟ್ಟಿ ಜೋಡಿ ಹಸಿಮೆಣಸಿನಕಾಯಿ ಕಡಿಯೋರು!"

"ಬೇಡ ಸಾಹೇಬ್ರೇ!"

ಎರಡು ಕಾಯಿ ಒಟ್ಟಿಗೇ ಬಾಯಿಗೆ ಹೋದವು. ಒಂದು ಗಳಿಗೆ ಏನೂ ಆಗಲಿಲ್ಲ. ಮರುಗಳಿಗೆ ಸಾಹೇಬರು ಕುರ್ಚಿಯಿಂದ ಚಂಗನೆ ಎದ್ದು ನಿಂತರು! ಮಾಸ್ತರರ ಪ್ರತಿಜ್ಞೆ ಅಕ್ಷರಶಃ ಈಡೇರಿತು. ನೋಡಿ ಆನಂದಿಸೋಣವೆಂದರೆ ಅವರಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

"ಯಾರಾ ಅದು, ನನ್ನ ಹಿತ್ತಲ ಮೆಣಸಿನ ಗಿಡ ಬೋಳಿಸಿದ್ದು?"

ಬಂಗಾರಿ! ಮನೆ ಶಾಲೆಯ ಬೆನ್ನಿಗೇ ಇತ್ತು. ಜಗಳಕ್ಕೆಂದು ಬಂದವಳು ಒಳಗಿನ ದೃಶ್ಯ ನೋಡಿ ಸೆರಗು ಸಿಕ್ಕಿಸಿ ತಿರುಗಿ ಓಡಿದಳು. ತೆಂಗಿನೆಣ್ಣೆ, ಬೆಲ್ಲ, ಒಂದು ತಂಬಿಗೆ ಮೊಸರು ಹಿಡಿದು ಬಂದಳು. ಸಾಹೇಬರ ಬಾಯಿಗೆ ಮೊಸರು ಸುರಿದು ಬೆಲ್ಲ ತುರುಕಿದಳು. ಮಕ್ಕಳ ಕೈಗೆಲ್ಲ ಎಣ್ಣೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಮುಖ ತೊಳೆಸಿದಳು. ಅಳು ಮಾತ್ರ ನಿಲ್ಲಲಿಲ್ಲ. ಬಂಗಾರಿ ಮಾಸ್ತರರ ಪೊಟ್ಟಣ ಬಿಚ್ಚಿ ಅರಿಶಿನದ ಕೊಂಬು ಎತ್ತಿ ಹಿಡಿದಳು.

"ಸಾಕು ಅತ್ತಿದ್ದು! ಇದು ಎಲ್ಲಿ ಸಿಕ್ತದೆ ಹೇಳಿ ನೋಡ್ವ?"

"ಮಣ್ಣಡಿಗೆ! ನಮ್ಮಜ್ಜಿ ಅಗೀತದೆ!" ಎಂದ ಶನಿಯಾರ ಎಂಬ ಹುಡುಗ, ಮೂಗು ಸೊರ್ರನೆ ಎಳೆಯುತ್ತ.

"ಕಾಳುಮೆಣಸು?"

"ಬಳ್ಳಿಯಲ್ಲಿ! ನಮ್ಮ ಹಲಸಿನ ಮರಕ್ಕೆ ಹಬ್ಬಿದೆ!"

"ದಾಲ್ಚಿನ್ನಿ?"

"ಮರದ ಸಿಪ್ಪೆ!"

"ಲವಂಗ?" ಇದಕ್ಕೆ ಬಂಗಾರಿಯೇ ಉತ್ತರ ಹೇಳಿದಳು. "ಅದು ಮೊಗ್ಗು. ಅರಳೂಕೆ ಮೊದ್ಲೇ ಕೊಯ್ದು ಒಣಗಿಸೂದು."

"ಹೌದೇನ್ರೀ ತಂಗಿ? ನಾ ಇಷ್ಟ ವರ್ಷ ಕಾಯಿ ಅಂತ ತಿಳ್ಕೊಂಡಿದ್ದೆ!" ಎಂದರು ಸಾಹೇಬರು, ಬೆಲ್ಲ ಚಪ್ಪರಿಸುತ್ತ.

"ಜೀರಿಗೆ ನಮ್ಮ ಬದಿಗೆ ಬೆಳೂದಿಲ್ಲ. ಗುಜರಾತದ ಬದಿಯಿಂದ ಬತ್ತದೆ. ಅದ್ಕೇ ನಿಮ್ಮ ಆಯಿ ಚಿಟಿಕೆ ಚಿಟಿಕೆ ಹಾಕುದು."

ಸಾಹೇಬರು ಕೊನೆಯ ಪ್ರಶ್ನೆ ತಾವೇ ಕೇಳಿದರು. "ಮತ್ತ ಈ ಜೀರಿಗೆ ಮೆಣಸು ಎಲ್ಲಿಂದ ಬರ್ತದ?"

ಮೂವತ್ತು ಕಂಠಗಳು ಒಟ್ಟಿಗೇ ಮೊಳಗಿದವು. "ಬಂಗಾರಕ್ಕನ ಹಿತ್ತಲಿಂದ!"

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಮಾಸ್ತರರಿಂದ ನಡೆದದ್ದೆಲ್ಲ ಕೇಳಿ, ಇನ್ನೂ ನಕ್ಕು, ಶೆರಾ ಬರೆದು ಬಸ್ಸು ಹತ್ತಿದರು. ಬಸ್ಸು ಮರೆಯಾದದ್ದೇ ತಡ, ಮಾಸ್ತರರು ಬುಕ್ಕನ್ನು ಎತ್ತಿ ಹಿಡಿದು ಹೆಂಡತಿಯ ಎದುರು ಗಟ್ಟಿಯಾಗಿ ಓದಿದರು.

"'ಪ್ರತ್ಯಕ್ಷ ಪಾಠ ಜನ್ಮದಲ್ಲಿ ಮರೆಯುವಂತಿಲ್ಲ. ಮಕ್ಕಳು ಬಹಳ ಚುರುಕು. ಮಾಸ್ತರರನ್ನು ಈ ಶಾಲೆಯಿಂದ ವರ್ಗ ಮಾಡಬಾರದು.' ಕೇಳಿದ್ಯಾ ಬಂಗಾರಿ? ಗೆದ್ದೆ! ಗೆದ್ದುಬಿಟ್ಟೆ!"

ಬಂಗಾರಿಗೆ ಖುಷಿಯಲ್ಲಿ ಕಣ್ಣು ತುಂಬಿತು. ಆದರೂ ಅವಳು ಬಗ್ಗಿ ನೋಡಿದಳು. "ಬೆರಳಡಿಗೆ ಇನ್ನೊಂದು ಸಾಲು ಮುಚ್ಕಂಡಿರಲ? ತೆಗೀರಿ ನೋಡ್ವ."

ಮಾಸ್ತರರು ತೆಗೆಯಲಿಲ್ಲ. ಅವಳೇ ಬೆರಳು ಸರಿಸಿ, ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"'ಇದು ಅವರು ಅಲ್ಪವಿರಾಮದ ಉಪಯೋಗ ಕಲಿಯುವ ತನಕ ಮಾತ್ರ.'"

ಬಂಗಾರಿ ಗಾಬರಿಯಿಂದ ಗಂಡನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಕಾಲಿಗೆ ಬೀಳ್ತೆ ಮಾರಾಯ್ರೇ, ಸಾಯೂವರೆಗೂ ಅದೊಂದು ಕಲೀಬೇಡಿ!"